ಮಿರ್ಚಿಗೊಂದು ಗಿರ್ಮಿಟ್ಟು

ಒಡನಾಟ ವಸತಿಯ ಲಿಫ್ಟುಗಳಲ್ಲಿ ಆಪತ್ತಿನ ಗಂಟೆಯದೊಂದು ಬಿಟ್ಟರೆ ಬೇರೆ ಗುಂಡಿಗಳೇ ಇರಲಿಲ್ಲ. ಹೊಸದಾಗಿ ಬಂದವರು ಗೋಡೆಯ ಮೇಲೆಲ್ಲ ಕೈಯಾಡಿಸಿ ಹುಡುಕುತ್ತಿದ್ದರು, ಹಳಬರು ನೋಡಿ ನಗುತ್ತಿದ್ದರು. ಮುಂಗೈಗೆ ಕಟ್ಟಿಕೊಂಡ ಪಟ್ಟಿಯೇ ಎಲ್ಲವನ್ನೂ ಹೇಳಿಕೊಳ್ಳುತ್ತಿತ್ತು: ಇವರು ಹನ್ನೊಂದನೆಯ ಮಹಡಿಯವರು, ಈಗ ಕೆಳಗಿಳಿಯಬೇಕಾಗಿದೆ. ಯಾವ ಲಿಫ್ಟು ಬರಬೇಕು, ಎಷ್ಟು ಹೊತ್ತು ಕಾಯಿಸಿ ಬರಬೇಕು, ಬಂದಾಗ ಒಳಗೆ ಯಾರು ನಿಂತಿರಬೇಕು ಎಂಬುದನ್ನು ನೆಲಮಾಳಿಗೆಯ ಯಂತ್ರ ತೀರ್ಮಾನಿಸುತ್ತಿತ್ತು.

ಹುಬ್ಬಳ್ಳಿ ಮತ್ತು ಧಾರವಾಡ ಬೆಳೆದು ಬೆಳೆದು ಒಂದೇ ಊರಾಗಿ, ರಸ್ತೆಯುದ್ದಕ್ಕೂ ಗೋಪುರಗಳೆದ್ದಿದ್ದ ಕಾಲ ಅದು. ಪಕ್ಕದ ಮನೆಯಲ್ಲಿ ಹೆಣ ಬಿದ್ದರೂ ವಾಸನೆ ಬಂದ ಮೇಲೆಯೇ ತಿಳಿಯುತ್ತಿತ್ತು. ಇದಕ್ಕೆ ಮದ್ದಿಲ್ಲವೇ ಎಂದು ಸರ್ಕಾರ ಕೇಳಿದಾಗ ಮನಶ್ಶಾಸ್ತ್ರಜ್ಞರು ತಮ್ಮ ಹಳೆಯ ಪೆಟ್ಟಿಗೆಯಿಂದ ನಾಲ್ಕಾರು ಸಿದ್ಧಾಂತಗಳನ್ನು ತೆಗೆದುಕೊಟ್ಟರು. ಹತ್ತಿರವಿದ್ದವರು ಹತ್ತಿರದವರಾಗುತ್ತಾರೆ. ಮತ್ತೆ ಮತ್ತೆ ಕಂಡ ಮುಖ ಹಿತವಾಗುತ್ತದೆ. ತಮ್ಮಂತೆಯೇ ಇರುವವರನ್ನು ಜನ ಮೆಚ್ಚುತ್ತಾರೆ. ಕೂಡಿ ಕಷ್ಟಪಟ್ಟವರು ಒಂದಾಗುತ್ತಾರೆ. ಇದೇನೂ ನಮ್ಮ ಹಿರಿಯರಿಗೆ ಗೊತ್ತಿಲ್ಲದ್ದಲ್ಲ. ಒಂದೇ ಗುಣ, ಒಂದೇ ಸಂಕಟ ಇದ್ದವರಲ್ಲಿ ಗೆಳೆತನ ಎಂಬುದನ್ನು ‘ಸಮಾನಶೀಲ ವ್ಯಸನೇಷು ಸಖ್ಯಂ’ ಎಂದು ಅವರೂ ಹೇಳುತ್ತಿದ್ದರು. ಆದರೆ ಹಿರಿಯರ ಕೈಯಲ್ಲಿ ಲಿಫ್ಟು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಈ ಸಿದ್ಧಾಂತಗಳನ್ನೆಲ್ಲ ಲೆಕ್ಕವಾಗಿಸಿ ಯಂತ್ರಕ್ಕೆ ಕಲಿಸಿದವಳು ಡಾ. ವಿಶಾಲಾಕ್ಷಿ ಯಲಿಗಾರ. ನಲವತ್ತು ದಾಟಿದ ಹೆಂಗಸು, ಮದುವೆಯಾಗಿರಲಿಲ್ಲ, ಮಾತು ಚುರುಕು. ಪ್ರಾಮಾಣಿಕಳು ಕೂಡ, ಅದರಲ್ಲಿ ಎರಡು ಮಾತಿಲ್ಲ. ನೆಲಮಾಳಿಗೆಯ ನಿಯಂತ್ರಣ ಕೋಣೆಯಲ್ಲಿ ಕೂತವರಿಗೆ ಯಾರು ಯಾರೆಂದು ಗೊತ್ತಾಗಬಾರದು, ಗೊತ್ತಾದರೆ ತಮ್ಮವರಿಗೆ ಒಳ್ಳೆಯ ಜತೆ ಹುಡುಕಿಕೊಡುತ್ತಾರೆ ಎಂದು ಹಟ ಹಿಡಿದವಳು ಅವಳೇ. ಹಾಗಾಗಿ ಪರದೆಯ ಮೇಲೆ ಹೆಸರಿಲ್ಲ, ಮನೆಯ ನಂಬರಿಲ್ಲ, ಮಹಡಿಯೂ ಇಲ್ಲ. ಕಪ್ಪು ಪರದೆ, ಅದರಲ್ಲಿ ಬಣ್ಣಬಣ್ಣದ ಚುಕ್ಕೆಗಳು. ಒಂಟಿಯಾದವರ ಚುಕ್ಕೆ ಮಾಸುತ್ತದೆ, ಗೆಳೆಯರಿದ್ದವರದು ಹೊಳೆಯುತ್ತದೆ.

ಹೆಸರಿಲ್ಲದ ಚುಕ್ಕೆಗಳಿಗೆ ಹೆಸರಿಡುವ ಕೆಲಸವನ್ನು ಲಿಫ್ಟ್ ಎಂಜಿನಿಯರ್ ದಾವಲಸಾಬ ನದಾಫ ವಹಿಸಿಕೊಂಡಿದ್ದ. ಹೊಟ್ಟೆಬಾಕ ಮನುಷ್ಯ, ಇಟ್ಟದ್ದೆಲ್ಲ ತಿಂಡಿಯ ಹೆಸರೇ. ಆ ಮಳೆಗಾಲದಲ್ಲಿ ಯಂತ್ರ ಒಂದು ಅಪರೂಪದ ಜೋಡಿಯನ್ನು ಹುಡುಕಿಕೊಟ್ಟಿತು. ಎರಡೂ ಮಾಸಿದ ಚುಕ್ಕೆಗಳು. ಇಬ್ಬರೂ ಐವತ್ತರ ಆಸುಪಾಸು, ಇಬ್ಬರಿಗೂ ನಿದ್ದೆ ಕಡಿಮೆ, ಇಬ್ಬರೂ ಹಾಡು ಕೇಳುವುದನ್ನು ಬಿಟ್ಟವರು, ಕಾರು ಹತ್ತದವರು, ಫೋನಿನಲ್ಲಿ ಯಾರೊಂದಿಗೂ ಹೆಚ್ಚು ಮಾತಾಡದವರು. ಇಡೀ ಗೋಪುರದಲ್ಲಿ ಇಷ್ಟು ಒಂದೇ ರೀತಿಯ ಇಬ್ಬರು ಇರಲಿಲ್ಲ.

“ಇವ್ಕ ಏನ ಹೆಸರಿಡೂಣ್ರಿ ಮೇಡಂ?” ದಾವಲಸಾಬ ಕೇಳಿದ, ತಾನೇ ಉತ್ತರಿಸಿದ. “ಒಂದು ಮಿರ್ಚಿ, ಒಂದು ಗಿರ್ಮಿಟ್. ಒಂದು ಬಿಟ್ಟು ಒಂದು ತಿಂದ್ರ ರುಚಿನ ಇಲ್ಲ.”

ವಿಶಾಲಾಕ್ಷಿ ನಕ್ಕಳು. “ಆತು, ಕೂಡಸ್ರಿ ಹಂಗಾದ್ರ.”

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಮಿರ್ಚಿ ಎಂಬ ಆ ಚುಕ್ಕೆ ವಿಶಾಲಾಕ್ಷಿಯ ಸ್ವಂತ ಅಕ್ಕ ನೀಲಾಂಬಿಕೆಯಾಗಿದ್ದಳು. ಗಿರ್ಮಿಟ್ ಹದಿನಾಲ್ಕನೆಯ ಮಹಡಿಯ ಶ್ರೀಪಾದ ಹುಯಿಲಗೋಳ. ಮೂರು ವರ್ಷದ ಹಿಂದೆ ಕಾಲೇಜಿನ ಹುಡುಗಿಯರನ್ನು ಗಾಯನ ಸ್ಪರ್ಧೆಗೆ ಕರೆದೊಯ್ದು ವಾಪಸು ಕರೆತರುವಾಗ ಅಣ್ಣಿಗೇರಿಯ ಹತ್ತಿರ ಸ್ಟಿಯರಿಂಗ್ ಹಿಡಿದೇ ತೂಕಡಿಸಿದ ಸಂಗೀತದ ಮೇಷ್ಟ್ರು. ಆ ಕಾರಿನಲ್ಲಿ ಸತ್ತವಳು ಒಬ್ಬಳೇ, ನೀಲಾಂಬಿಕೆಯ ಮಗಳು ಕಸ್ತೂರಿ. ಮೇಷ್ಟ್ರು ಶಿಕ್ಷೆ ಅನುಭವಿಸಿ, ಕೆಲಸ ಬಿಟ್ಟು, ಚೀಟಿ ಎತ್ತಿ ಹಂಚಿದ ಮನೆಗಳಲ್ಲಿ ಒಂದು ತನ್ನ ಪಾಲಿಗೆ ಬಂದಾಗ ಇಲ್ಲಿಗೆ ಬಂದು ಸೇರಿದ್ದ. ಇಬ್ಬರ ನಿದ್ದೆಯನ್ನೂ ಹಾಡನ್ನೂ ಕಸಿದದ್ದು ಒಂದೇ ಮಧ್ಯಾಹ್ನ. ಯಂತ್ರಕ್ಕೆ ಅವರು ಒಂದೇ ತರಹ ಇರುವುದು ಕಂಡಿತು. ಯಾಕೆ ಹಾಗಿದ್ದಾರೆ ಎಂಬುದು ಅದಕ್ಕೆ ಬೇಕಾಗಿರಲಿಲ್ಲ.

ಗಂಡನಿಲ್ಲದ, ಮಗಳೂ ಇಲ್ಲದ ಅಕ್ಕ ಗದಗಿನ ಮನೆಯಲ್ಲಿ ಕದ ಹಾಕಿಕೊಂಡು ಕೂತುಬಿಟ್ಟಿದ್ದಾಳೆಂದು ವಿಶಾಲಾಕ್ಷಿಯೇ ಹಟ ಮಾಡಿ ಅವಳನ್ನು ಇದೇ ಗೋಪುರದ ತನ್ನ ಮನೆಗೆ ಕರೆತಂದಿದ್ದಳು. ಇಲ್ಲಿದ್ದರೆ ಅಕ್ಕ ಮತ್ತೆ ನಾಲ್ಕು ಜನರೊಂದಿಗೆ ನಗುತ್ತಾಳೆ ಎಂಬುದು ಅವಳ ಆಸೆ. ತನ್ನ ವಿದ್ಯೆಯ ಮೇಲೆ ಅವಳು ಕಟ್ಟಿದ್ದ ಪಂದ್ಯ ಇದೊಂದೇ ಎಂದರೂ ನಡೆಯುತ್ತದೆ. ಅವಳನ್ನು ಯೋಜನೆಗೆ ಸೇರಿಸುವ ದಿನ ನಿಯಮದಂತೆ ಕೇಳಿದ್ದಳು: “ಅಕ್ಕಾ, ಇಂಥಾವ್ರ ಮಾರಿ ನೋಡಬಾರದು ಅನ್ನೂ ಹಂಗ ಯಾರರ ಅದಾರೇನು?”

“ಹಂಗೇನಿಲ್ಲವಾ, ಎಲ್ಲಾರೂ ನಮ್ಮವರ” ಅಂದಿದ್ದಳು ನೀಲಾಂಬಿಕೆ. ಗೋಪುರದ ಅಷ್ಟೂ ಜನ ಕೊಟ್ಟ ಉತ್ತರ ಅದೇ. ಎದುರಿಗೆ ನಿಂತು ಕೇಳಿದರೆ ನಮ್ಮ ಕಡೆಯವರು ಯಾರೂ ಇಂಥವರು ನನಗಾಗದು ಎಂದು ಹೇಳುವುದಿಲ್ಲ. ಮೊದಲ ನೋಟಕ್ಕೇ ಕಹಿಯಾದ ಮುಖ ನೋಡನೋಡುತ್ತ ಇನ್ನಷ್ಟು ಕಹಿಯಾಗುತ್ತದೆ ಎಂಬುದು ವಿಶಾಲಾಕ್ಷಿಗೆ ಓದಿನಿಂದ ಗೊತ್ತಿತ್ತು. ಅದಕ್ಕೆಂದೇ ಆ ಪ್ರಶ್ನೆ ಇಟ್ಟಿದ್ದಳು. ಒಡನಾಟ ವಸತಿಯಲ್ಲಿ ಒಬ್ಬರಿಗೊಬ್ಬರು ಆಗದವರು ಒಬ್ಬರೂ ಇಲ್ಲವೆಂದು ಯಂತ್ರ ನಂಬಿಕೊಂಡಿತು.

ಮೊದಲ ದಿನ ಬಾಗಿಲು ತೆರೆದಾಗ ಲಿಫ್ಟಿನಲ್ಲಿ ಶ್ರೀಪಾದ ನಿಂತಿದ್ದ. ನೀಲಾಂಬಿಕೆಗೆ ಗುರುತು ಸಿಗದೆ ಇರಲು ಸಾಧ್ಯವೇ? ಕೋರ್ಟಿನಲ್ಲಿ ಅವನ ಬೆನ್ನನ್ನೇ ಎಷ್ಟೋ ದಿನ ನೋಡಿದ್ದಳು. ಆದರೂ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತಳು. ಅವನೂ ಎದುರಿನ ಗೋಡೆಯ ಕಡೆ ತಿರುಗಿದ. ಮರುದಿನವೂ ಅದೇ ಆಯಿತು. ಸಂಜೆ ತರಕಾರಿಗೆ ಹೋದರೂ ಅದೇ.

ವಾರ ಕಳೆಯುವುದರೊಳಗೆ ನೀಲಾಂಬಿಕೆ ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದಳು. ಅವಳ ಕಣ್ಣಿಗೆ ಬೀಳಬಾರದೆಂದು ಶ್ರೀಪಾದನೂ ಅದೇ ಹೊತ್ತಿಗೆ ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದ. ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳುವ ಉಪಾಯದಲ್ಲೂ ಅವರು ಒಂದೇ ತರಹ ಇದ್ದರು. ಹಾಗಾಗಿ ಮೆಟ್ಟಿಲ ಮೇಲೂ ಎದುರುಬದುರಾದರು.

ಅಂದು ನಿಯಂತ್ರಣ ಕೋಣೆಯಲ್ಲಿ ಗಂಟೆ ಮೊಳಗಿತು. ಒಳ್ಳೆಯ ಸುದ್ದಿಗೆಂದೇ ಇಟ್ಟಿದ್ದ ಇಂಪಾದ ಗಂಟೆ.

“ಮೇಡಂ, ಲಗೂ ಬರ್ರಿ!” ದಾವಲಸಾಬ ಕೂಗಿದ. “ಇಬ್ರೂ ಲಿಫ್ಟ್ ಬಿಟ್ಟು ಮೆಟ್ಟಲಾ ಹಿಡದಾರ. ಯಾರೂ ಹೇಳಿಲ್ಲ, ತಾವ ಹೊಂಟಾರ್ರಿ. ಎದಿ ಬಡಿತ ನೋಡ್ರಿ ಒಂದ್ಸಲ!”

ವಿಶಾಲಾಕ್ಷಿ ನೋಡಿದಳು. ಎರಡು ಚುಕ್ಕೆಗಳು ಹತ್ತಿರವಾದ ಕೂಡಲೇ ಮುಂಗೈ ಪಟ್ಟಿಗಳು ಕಳಿಸುವ ಎದೆಬಡಿತಗಳೆರಡೂ ಓಡತೊಡಗುತ್ತಿದ್ದವು. ಯಂತ್ರ ಅದಕ್ಕೆ ‘ಒಲವು’ ಎಂದು ಹೆಸರು ಬರೆದಿತ್ತು. ಎದೆ ಹೊಡೆದುಕೊಳ್ಳುವುದಕ್ಕೆ ಜಗತ್ತಿನಲ್ಲಿ ಬೇರೆ ಕಾರಣಗಳೂ ಇವೆ. ಅವು ವಿಶಾಲಾಕ್ಷಿಗೂ ಗೊತ್ತಿದ್ದವು, ಆದರೆ ಖುಷಿಯಲ್ಲಿದ್ದವರಿಗೆ ಗೊತ್ತಿದ್ದದ್ದು ಹೊಳೆಯುವುದಿಲ್ಲ. ಸಿಬ್ಬಂದಿಗೆಲ್ಲ ಧಾರವಾಡ ಫೇಡೆ ತರಿಸಿದಳು. ಉಳಿದ ನಾಲ್ಕನ್ನು ಪೊಟ್ಟಣ ಕಟ್ಟಿ ಅಕ್ಕನಿಗೆಂದು ಮನೆಗೆ ಒಯ್ದಳು.

ಮನೆಯಲ್ಲಿ ನೀಲಾಂಬಿಕೆ ಕಾಲು ಚಾಚಿ ಕೂತು ಮೊಣಕಾಲಿಗೆ ಉಪ್ಪಿನ ಗಂಟಿನಿಂದ ಕಾವು ಕೊಟ್ಟುಕೊಳ್ಳುತ್ತಿದ್ದಳು.

“ಮೆಟ್ಟಲಾ ಇಳದು ಹತ್ತಾಕತ್ತಿ ಏನು? ಛಲೋ ಆತು ಬಿಡು, ನಡದಾಡೂದು ಒಳ್ಳೇದು” ಎಂದು ವಿಶಾಲಾಕ್ಷಿ ಗಂಟು ಇಸಿದುಕೊಂಡು ತಾನೇ ಕಾವು ಕೊಡತೊಡಗಿದಳು. “ಫೇಡೆ ತಗೋ. ಇವತ್ತ ನಮ್ಮಲ್ಲಿ ಒಂದು ಜೋಡಿ ಕೂಡೇತಿ.”

ನೀಲಾಂಬಿಕೆ ಫೇಡೆ ಮುಟ್ಟಲಿಲ್ಲ. “ವಿಶಾಲೂ, ಆ ಲಿಫ್ಟ್ ನೀನ ನಡಸ್ತಿ, ಹೌದಲ್ಲ?”

“ಹೂಂ ಮತ್ತ.”

“ಯಾರ ಕೂಡ ಯಾರನ್ನ ನಿಂದ್ರಸಬೇಕು ಅನ್ನೂದು ನಿನಗ ಗೊತ್ತಿರ್ತೈತೇನು?”

ಹೆಸರಿಲ್ಲದ ಚುಕ್ಕೆಗಳ ಕತೆಯನ್ನು ಆಗಲೇ ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು. ದಣಿದಿದ್ದಳು, ಜಂಬವೂ ಇತ್ತು. “ಆ ಲೆಕ್ಕಾ ಬರದಾಕಿನ ನಾನು. ನನಗ ಗೊತ್ತಿರದ ಮತ್ಯಾರಿಗೆ ಗೊತ್ತಿರ್ತೈತಿ? ಮೊದಲ ಮೊದಲ ಸೇರೂದಿಲ್ಲ ಅಕ್ಕಾ. ದಿನಾ ನೋಡಿ ನೋಡಿ ತಾನ ಸೇರ್ತೈತಿ. ಎಲ್ಲಾ ಒಳ್ಳೇದಕ್ಕ.”

ನೀಲಾಂಬಿಕೆ ಫೇಡೆಯ ಪೊಟ್ಟಣವನ್ನು ತಂಗಿಯ ಕಡೆ ಸರಿಸಿದಳು. “ಹಂಗಾದ್ರ ಆತು ಬಿಡು” ಎಂದಳು. ಕಾಲು ಹಿಂದಕ್ಕೆ ಎಳೆದುಕೊಂಡು ಸೆರಗು ಮುಚ್ಚಿಕೊಂಡಳು. ಇರುವುದು ತಂಗಿಯ ಮನೆಯಲ್ಲಿ, ಉಣ್ಣುವುದು ತಂಗಿಯ ಅನ್ನ. ತಂಗಿಯೇ ತಿಳಿದೂ ತಿಳಿದೂ ಆ ಮನುಷ್ಯನ ಜತೆ ತನ್ನನ್ನು ನಿಲ್ಲಿಸುತ್ತಿದ್ದಾಳೆ, ಮಗಳನ್ನು ಮರೆಯಿಸಲು ನೋಡುತ್ತಿದ್ದಾಳೆ ಎಂದು ಅವಳು ಅಂದುಕೊಂಡಳು. ಮತ್ತೆ ಆ ಮಾತು ಎತ್ತಲಿಲ್ಲ.

ದಸರೆ ಬಂತು. ವಿಜಯದಶಮಿಯ ಸಂಜೆ ನಮ್ಮ ಕಡೆ ಬನ್ನಿ ಎಲೆ ಕೊಟ್ಟು ತಗೊಳ್ಳುತ್ತಾರೆ. ಕಿರಿಯರು ಹಿರಿಯರ ಕೈಗೆ ಬನ್ನಿ ಕೊಟ್ಟು ಕಾಲು ಮುಟ್ಟುತ್ತಾರೆ, ‘ಬನ್ನಿ ತಗೊಂಡು ಬಂಗಾರದಂಗ ಇರೂಣ’ ಎನ್ನುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಮಾತಾಡುತ್ತಾರೆ. ಕೊಟ್ಟ ಬನ್ನಿಯನ್ನು ಒಲ್ಲೆ ಎನ್ನುವ ಪದ್ಧತಿಯಿಲ್ಲ. ಒಡನಾಟ ಯೋಜನೆಯ ಮಂಡಳಿಗೆ ಇದು ದೇವರು ಕೊಟ್ಟ ಪರೀಕ್ಷೆಯಾಗಿ ಕಂಡಿತು. ಅಂದು ಯಾರ ಕೈ ಯಾರಿಗೆ ತಾಗಿತೆಂದು ಮುಂಗೈ ಪಟ್ಟಿಗಳು ಎಣಿಸಬೇಕು, ತಾಗಿದ್ದೆಲ್ಲ ಗೆಳೆತನ. ದಾಕ್ಷಿಣ್ಯಕ್ಕೆ ಕೊಟ್ಟ ಬನ್ನಿಗೂ ಮನಸಾರೆ ಕೊಟ್ಟ ಬನ್ನಿಗೂ ಎಲೆ ಒಂದೇ ಎಂಬುದನ್ನು ಯಾರೂ ಎತ್ತಲಿಲ್ಲ.

“ಮಿರ್ಚಿ ಗಿರ್ಮಿಟ್ ಇನ್ನೂ ಮಾತಾಡಿಲ್ಲ. ಇವತ್ತ ಮಾತಾಡಸೂಣು” ಎಂದಳು ವಿಶಾಲಾಕ್ಷಿ. ಇಬ್ಬರೂ ಒಟ್ಟಿಗಿರುವಾಗ ಲಿಫ್ಟನ್ನು ಎರಡು ಮಹಡಿಗಳ ನಡುವೆ ಸ್ವಲ್ಪ ಹೊತ್ತು ನಿಲ್ಲಿಸುವುದು. ಕೂಡಿ ಸಿಕ್ಕಿಬಿದ್ದವರು ಮಾತಾಡಲೇಬೇಕು. ಇಂಥ ಸಣ್ಣ ಅಡಚಣೆಗಳಿಗೆ ಮಂಡಳಿಯ ಒಪ್ಪಿಗೆ ಮೊದಲೇ ಇತ್ತು.

ಮಧ್ಯಾಹ್ನ ಮನೆಗೆ ಹೋಗಿ ಅಕ್ಕನನ್ನು ಬಹಳ ಒತ್ತಾಯಿಸಿದಳು. “ಮೂರು ವರ್ಷ ಆತು ನೀ ಬನ್ನಿ ಹಿಡದಿಲ್ಲ. ಸಂಜಿಕ ಅಂಗಳಕ್ಕ ಬಾ ಅಕ್ಕಾ. ನಾನೂ ಕೆಲಸ ಮುಗಿಸಿ ಅಲ್ಲಿಗೇ ಬರ್ತೇನಿ. ಮೊದಲ ಬನ್ನಿ ನಿನಗ ಕೊಡ್ತೇನಿ.”

ಅಕ್ಕ ಒಪ್ಪಿದಳು. ವಿಶಾಲಾಕ್ಷಿಗೆ ಅಂದು ಆದ ಸಂತೋಷ ಅಷ್ಟಿಷ್ಟಲ್ಲ.

ಸಂಜೆ ಮಕ್ಕಳು ಮೆಟ್ಟಿಲ ತುಂಬ ರಂಗೋಲಿ ಹಾಕಿ ಹಣತೆ ಇಟ್ಟಿದ್ದರು, ದಾಟಲು ಜಾಗವಿರಲಿಲ್ಲ. ನೀಲಾಂಬಿಕೆ ಬೇರೆ ದಾರಿಯಿಲ್ಲದೆ ಲಿಫ್ಟಿಗಾಗಿ ನಿಂತಳು. ಬಾಗಿಲು ತೆರೆಯಿತು. ಒಳಗೆ, ಅವಳು ಹೆದರಿದ್ದಂತೆಯೇ, ಶ್ರೀಪಾದ.

ಪರದೆಯಲ್ಲಿ ಎರಡು ಚುಕ್ಕೆಗಳು ಕೂಡಿಕೊಂಡವು. ಯಂತ್ರ ಲಿಫ್ಟನ್ನು ಮೆಲ್ಲಗೆ ನಿಲ್ಲಿಸಿತು. ಕೋಣೆಯಲ್ಲಿದ್ದವರೆಲ್ಲ ಪರದೆಯ ಮುಂದೆ ಗುಂಪುಗೂಡಿದರು. ಎರಡೂ ಎದೆಬಡಿತಗಳು ಏರಿದವು. ಮಿರ್ಚಿಯದು ಏರಿ ಒಂದು ಮಟ್ಟದಲ್ಲಿ ನಿಂತಿತು, ಗಿರ್ಮಿಟ್ಟಿನದು ನಿಲ್ಲದೆ ಏರುತ್ತಲೇ ಹೋಯಿತು.

“ಎದಿ ಬಾಯಿಗೆ ಬಂದೈತ್ರಿ ಇವರದು” ಎಂದು ದಾವಲಸಾಬ ನಕ್ಕ. ಸ್ವಲ್ಪ ಹೊತ್ತಿಗೆ ಅವನ ನಗು ನಿಂತಿತು. “ಮೇಡಂ, ಭಾಳ ಆತ್ರಿ ಇದು. ಬಿಡೂಣೇನ್ರಿ?”

“ಇನ್ನೊಂದು ಸ್ವಲ್ಪ ತಡೀರಿ. ಈಗ ಮಾತಾಡ್ತಾರ.”

ಆಗ ಲಿಫ್ಟಿನ ಆಪತ್ತಿನ ಗಂಟೆ ಬಡಿಯಿತು. ಗಂಟೆ ಒತ್ತಿದಾಗ ಮಾತ್ರ ಒಳಗಿನ ದನಿ ಕೋಣೆಗೆ ಕೇಳುವ ಏರ್ಪಾಡು. ಯಾರೋ ಬಾಯಿ ತೆರೆದು ಉಸಿರಿಗಾಗಿ ಎಳೆದಾಡುವ ಸದ್ದು ಬಂತು. ಅದರ ಮೇಲೆ ಒಂದು ಹೆಣ್ಣುದನಿ, ಜೋರಿಲ್ಲದ್ದು, ದಣಿದದ್ದು.

“ವಿಶಾಲೂ, ಸಾಕ ಮಾಡವಾ. ಬಾಗಲಾ ತಗಿ. ಇವಗ ಉಸರ ಕಟ್ಟೇತಿ. ನನಗ ಏನ ಮಾಡಸಬೇಕಂತಿ ಅದನ್ನ ಆಮ್ಯಾಲೆ ಮಾಡಸು. ಮೊದಲ ಬಾಗಲಾ ತಗಿ.”

ಆ ದನಿ ತಾಯಿ ಹೋದ ಮೇಲೆ ವಿಶಾಲಾಕ್ಷಿಯನ್ನು ತಲೆ ಬಾಚಿ ಶಾಲೆಗೆ ಕಳಿಸಿದ್ದ ದನಿ. “ಬಿಡ್ರೀ! ಕೆಳಗ ಬಿಡ್ರಿ ಲಿಫ್ಟ್!” ಎಂದು ಚೀರಿದಳು. ದಾವಲಸಾಬ ಅವಳು ಹೇಳುವ ಮೊದಲೇ ಬಿಟ್ಟಿದ್ದ.

ಅವಳು ಓಡಿ ಮೇಲೆ ಬಂದಾಗ ಬಾಗಿಲು ತೆರೆಯುತ್ತಿತ್ತು. ಅಂಗಳದ ತುಂಬ ಬನ್ನಿ ಹಿಡಿದ ಜನ. ಲಿಫ್ಟಿನ ನೆಲದ ಮೇಲೆ ಶ್ರೀಪಾದ ಕುಸಿದು ಕೂತಿದ್ದ. ಮುಚ್ಚಿದ ಜಾಗದಲ್ಲಿ ಸಿಕ್ಕಿಕೊಳ್ಳುವುದನ್ನು ಅಣ್ಣಿಗೇರಿಯ ಆ ಮಧ್ಯಾಹ್ನದಿಂದೀಚೆಗೆ ಅವನ ಎದೆ ತಾಳುತ್ತಿರಲಿಲ್ಲ. ನೀಲಾಂಬಿಕೆ ಅವನ ಅಂಗಿಯ ಗುಂಡಿ ಬಿಚ್ಚಿ, ಸೆರಗಿನಿಂದ ಗಾಳಿ ಹಾಕುತ್ತ, ಇನ್ನೊಂದು ಕೈಯಲ್ಲಿ ಅವನ ಭುಜ ಹಿಡಿದಿದ್ದಳು. ಮುಖ ಮಾತ್ರ ಗೋಡೆಯ ಕಡೆಗಿತ್ತು.

ಮುಂಗೈ ಪಟ್ಟಿಗಳು ಭುಜ ಮುಟ್ಟಿದ್ದನ್ನು ಎಣಿಸಿಕೊಂಡಿದ್ದವು. ಕೆಳಗೆ ನೆಲಮಾಳಿಗೆಯಲ್ಲಿ ಒಳ್ಳೆಯ ಸುದ್ದಿಯ ಗಂಟೆ ಮೊಳಗುತ್ತಿತ್ತು.

ಮನೆಗೆ ಬಂದ ಮೇಲೆ ವಿಶಾಲಾಕ್ಷಿ ಅತ್ತಳು. ಚುಕ್ಕೆಗಳ ವಿಷಯ, ಹೆಸರಿಲ್ಲದ ಪರದೆಯ ವಿಷಯ ಎಲ್ಲ ಹೇಳಿದಳು. “ನನಗ ಗೊತ್ತಿರಲಿಲ್ಲಕ್ಕಾ. ನಿನ್ನಾಣಿಗೂ ಗೊತ್ತಿರಲಿಲ್ಲ.”

ನೀಲಾಂಬಿಕೆ ತನ್ನ ಸೀರೆಗಳನ್ನು ಮಡಚಿ ಚೀಲಕ್ಕಿಡುತ್ತಿದ್ದಳು. “ನಂಬ್ತೇನಿ” ಎಂದಳು. “ಗೊತ್ತಿದ್ದು ಮಾಡಿದಿ ಅಂತ ತಿಳಕೊಂಡಾಗ ಸಿಟ್ಟರ ಇತ್ತು. ಈಗ ಅದೂ ಇಲ್ಲ. ಒಂದ ಮನ್ಯಾಗ ಅದೇವಿ, ಒಂದ ಕಡೆ ಕುಂತು ಉಣ್ತೇವಿ. ಮೊಣಕಾಲ ಬಾತು ಮೆಟ್ಟಲಾ ಯಾಕ ಹತ್ತಾಕತ್ತಿ ಅಂತ ಒಂದು ಮಾತು ಕೇಳಲಿಲ್ಲ ನೀ.”

“ನಡದಾಡಾಕ ಅಂತ...”

“ಹೌದವಾ. ನೀ ಹಂಗ ತಿಳಕೊಂಡಿ.” ಚೀಲದ ಬಾಯಿ ಕಟ್ಟಿದಳು. “ಅವನ್ನ ಕಂಡ್ರ ನನಗ ಇವತ್ತೂ ಸಿಟ್ಟ ಬರ್ತೈತಿ. ಸಾಯಲಿ ಅಂತ ಅನಸಲಿಲ್ಲ, ಅದಕ್ಕ ಗಾಳಿ ಹಾಕಿದೆ, ಅಷ್ಟ. ಆದ್ರ ಆ ಸಿಟ್ಟು ನಂದು ವಿಶಾಲೂ. ಕಸ್ತೂರಿ ಹಿಂದ ನನ್ನ ಪಾಲಿಗೆ ಉಳದದ್ದು ಅದೊಂದ. ಅದನ್ನೂ ದಿನಾ ಒಂದೀಟು ಒರಸಾಕ ಕುಂತಿದ್ರಿ ನೀವು, ಯಾರ ಸಿಟ್ಟು ಅಂತ ನೋಡದನ.”

ವಿಶಾಲಾಕ್ಷಿ ಬನ್ನಿ ಎಲೆಗಳನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನ ಮುಂದೆ ಚಾಚಿದಳು, ಬಗ್ಗಿ ಕಾಲು ಮುಟ್ಟಿದಳು. ಕೊಟ್ಟ ಬನ್ನಿಯನ್ನು ಒಲ್ಲೆ ಎನ್ನುವಂತಿಲ್ಲ. ನೀಲಾಂಬಿಕೆ ತಗೊಂಡಳು. ತಲೆ ಮುಟ್ಟಿ ಹರಸಿದಳು ಕೂಡ. ಬಂಗಾರದಂಗ ಇರೂಣ ಎಂಬ ಮಾತೊಂದನ್ನು ಮಾತ್ರ ಹೇಳಲಿಲ್ಲ. ಎಲೆಗಳನ್ನು ದೇವರ ಮಾಡದಲ್ಲಿಟ್ಟು, ಬೆಳಗಿನ ರೈಲಿಗೆ ಗದಗಿಗೆ ಹೋದಳು. ಫೋನು ಮಾಡಿದರೆ ಎತ್ತುತ್ತಾಳೆ, ಉಂಡಿಯಾ ಎಂದು ಕೇಳುತ್ತಾಳೆ, ಇಡುತ್ತಾಳೆ.

ವಿಜಯದಶಮಿಯಂದು ಒಡನಾಟ ವಸತಿಯಲ್ಲಿ ಗೆಳೆತನ ಹಿಂದೆಂದೂ ಇಲ್ಲದಷ್ಟು ಏರಿತೆಂದು ಮುಂಗೈ ಪಟ್ಟಿಗಳು ವರದಿ ಕೊಟ್ಟವು. ಅಕ್ಕತಂಗಿಯರ ಬನ್ನಿಯೂ ಆ ಲೆಕ್ಕದಲ್ಲಿ ಸೇರಿತ್ತು. ಯೋಜನೆ ನಿಲ್ಲಿಸಿ ಎಂದು ವಿಶಾಲಾಕ್ಷಿ ಮಂಡಳಿಯ ಮುಂದೆ ಕೈಮುಗಿದಳು. ಎಲ್ಲ ಕೇಳಿಸಿಕೊಂಡ ಅಧ್ಯಕ್ಷರು, ಒಂದು ಜೋಡಿ ಕೆಟ್ಟಿತೆಂದು ಊರಿಗೇ ಬೀಗ ಹಾಕಲಾಗುತ್ತದೆಯೇ, ನೀವು ದಣಿದಿದ್ದೀರಿ, ಸ್ವಲ್ಪ ವಿಶ್ರಾಂತಿ ತಗೊಳ್ಳಿ ಎಂದು ಚಹಾ ಕುಡಿಸಿ ಕಳಿಸಿದರು. ಇನ್ನೂ ಹನ್ನೆರಡು ಗೋಪುರಗಳಿಗೆ ಒಪ್ಪಿಗೆ ಸಿಕ್ಕಿತು.

ವಿಶಾಲಾಕ್ಷಿ ಕೆಲಸಕ್ಕೆ ಹೋಗುತ್ತಿದ್ದಳು. ನಿದ್ದೆ ಕಡಿಮೆಯಾಯಿತು. ರೇಡಿಯೋ ಹಚ್ಚುವುದು ನಿಂತಿತು. ಲಿಫ್ಟಿನ ಬಾಗಿಲು ಕಂಡರೆ ಆ ದನಿ ಕೇಳಿದಂತಾಗಿ, ಅವಳು ಮೆಟ್ಟಿಲಲ್ಲೇ ಓಡಾಡತೊಡಗಿದಳು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ, ಮನೆಗೆ ಹೊರಟವಳನ್ನು ದಾವಲಸಾಬ ಕರೆದ. ಮೊದಲಿನ ಹುರುಪು ಅವನಲ್ಲಿರಲಿಲ್ಲ, ಆದರೂ ಕೆಲಸ ಕೆಲಸವೇ.

“ಯಂತ್ರ ಒಂದು ಹೊಸಾ ಜೋಡಿ ಹುಡಕೇತ್ರಿ ಮೇಡಂ. ಒಂದು ನಮ್ಮ ಹಳೇ ಗಿರ್ಮಿಟ್. ಇನ್ನೊಂದು ಹೊಸಾದು, ದಸರಾ ಆದ ಮ್ಯಾಲೆ ಬಣ್ಣ ಮಾಸೇತಿ. ಇಬ್ರೂ ನಿದ್ದಿ ಮಾಡೂದಿಲ್ಲ, ಹಾಡ ಕೇಳೂದಿಲ್ಲ, ಲಿಫ್ಟ್ ಹತ್ತೂದಿಲ್ಲ. ಹೇಳಿ ಮಾಡಿಸಿದಂಗ ಐತ್ರಿ ಜೋಡಿ.” ಅವನು ತಲೆ ಕೆರೆದುಕೊಂಡ. “ಮಿರ್ಚಿ ಅನ್ನೂ ಹೆಸರು ಮತ್ತ ಇಡಾಕ ಮನಸಾಗವಲ್ದು. ಏನಂತ ಇಡೂಣ್ರಿ?”

ವಿಶಾಲಾಕ್ಷಿ ಪರದೆಯ ಮೇಲಿನ ಮಾಸಿದ ಚುಕ್ಕೆಯನ್ನು ನೋಡಿದಳು. ತನ್ನ ಮುಂಗೈಯ ಪಟ್ಟಿಯನ್ನು ಸೆರಗಿನೊಳಗೆ ಎಳೆದುಕೊಂಡಳು. “ನಿಮಗ ತಿಳದಂಗ ಮಾಡ್ರಿ” ಎಂದು ಹೇಳಿ ಹೊರಬಿದ್ದಳು.

ಆರನೆಯ ಮಹಡಿ ಹತ್ತುವಷ್ಟರಲ್ಲಿ ಮೇಲಿನಿಂದ ಯಾರೋ ಇಳಿದು ಬರುವ ಸದ್ದು ಕೇಳಿಸಿತು. ಅವಳು ನಿಂತಳು. ಮೇಲಿನ ಹೆಜ್ಜೆಗಳೂ ನಿಂತವು. ಆಮೇಲೆ ಹೆಜ್ಜೆಗಳು ನಿಧಾನವಾಗಿ, ತಪ್ಪಿತಸ್ಥನಂತೆ, ಕೆಳಗಿಳಿಯತೊಡಗಿದವು.

ವಿಶಾಲಾಕ್ಷಿ ಗೋಡೆಯ ಕಡೆ ಮುಖ ಮಾಡಿ ನಿಂತಳು.